ಆವತಿ ನಾಡು: ದೇವನಹಳ್ಳಿ ಸೀಮೆಯ ಒಕ್ಕಲು ನೆಲೆಗಳು, ವ್ಯಾಪಾರ, ದೈವ ಮತ್ತು ಊರಾಡಳಿತ

ಆವತಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನ ಒಂದು ಗ್ರಾಮ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. 15ನೆಯ ಶತಮಾನದಲ್ಲಿ ಇಲ್ಲಿ ನೆಲೆ ನಿಂತವು ಎನ್ನಲಾದ ಮೊರಸು ಒಕ್ಕಲಿಗ ಕುಟುಂಬಗಳಿಂದ ಆವತಿ ನಾಡಪ್ರಭುಗಳ ಮನೆತನ ಬೆಳೆಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳು ಈ ಮನೆತನ ಕಟ್ಟಿದ ಊರುಗಳು. ಯಲಹಂಕ, ಸುಗಟೂರು, ಹೊಳವನಹಳ್ಳಿಗಳ ಗೌಡರೂ ಇದೇ ಬೇರಿನವರೆಂದು ಪರಂಪರೆ ಹೇಳುತ್ತದೆ. ಯಲಹಂಕ ಶಾಖೆಯ ಕೆಂಪೇಗೌಡ 1537ರಲ್ಲಿ ಬೆಂಗಳೂರು ಕಟ್ಟಿದ್ದನ್ನು ನೆನೆದರೆ, ಇಂದಿನ ರಾಜಧಾನಿಯ ಚರಿತ್ರೆಗೂ ಈ ಹಳ್ಳಿಯಿಂದಲೇ ಆರಂಭ ಸಿಗುತ್ತದೆ.

ಹೊಸ ನೆಲಕ್ಕೆ ಬಂದವರು ಹೇಗೆ ಊರು ಕಟ್ಟಿದರು, ಏನು ಬೆಳೆದರು, ಯಾರೊಡನೆ ವ್ಯಾಪಾರ ಮಾಡಿದರು, ಯಾವ ದೇವರಿಗೆ ನಡೆದುಕೊಂಡರು, ತಮ್ಮನ್ನು ತಾವು ಹೇಗೆ ಆಳಿಕೊಂಡರು ಎಂಬ ಪ್ರಶ್ನೆಗಳನ್ನು ಅಮೆರಿಕದ ಆರಂಭದ ವಸಾಹತುಗಳ ಬಗ್ಗೆ ಶಾಲೆಯ ಮಕ್ಕಳೂ ಓದುತ್ತಾರೆ. 1607ರ ಜೇಮ್ಸ್‌ಟೌನ್, 1620ರ ಪ್ಲಿಮತ್ ಎಲ್ಲರಿಗೂ ಪರಿಚಿತ. ಅದಕ್ಕೂ ಶತಮಾನಕ್ಕೆ ಹಿಂದೆಯೇ ನಂದಿ ಬೆಟ್ಟದ ತಪ್ಪಲಲ್ಲಿ ಒಕ್ಕಲುಮಕ್ಕಳು ಇಂಥದೇ ಕೆಲಸಕ್ಕೆ ಕೈ ಹಾಕಿದ್ದರು. ಅವರ ಬದುಕನ್ನು ತಿಳಿಯುವುದಕ್ಕೆ ದೇವನಹಳ್ಳಿಯ ಕೋಟೆಗಿಂತ ಕೆರೆಯ ಏರಿ, ಕಣ, ಸಂತೆಗಳೇ ಹೆಚ್ಚು ನೆರವಾಗುತ್ತವೆ ಎಂಬ ನಿಲುವಿನಿಂದ ಈ ಲೇಖನ ಬರೆದಿದೆ.

ನೆಲ ಮತ್ತು ಮುಂಚಿನ ಜನ

ದೇವನಹಳ್ಳಿ ಸೀಮೆ ಕೆಮ್ಮಣ್ಣಿನ ಬಯಲು. ಅಲ್ಲಲ್ಲಿ ಬರಿಬಂಡೆಯ ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಇಲ್ಲಿ ಹಳ್ಳದಷ್ಟೇ ಗಾತ್ರದವು. ಮಳೆಗಾಲ ಮುಗಿದರೆ ಅವುಗಳಲ್ಲಿ ಮರಳು ಮಾತ್ರ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಊರು ನಿಲ್ಲಬೇಕಾದರೆ ಬಿದ್ದ ಮಳೆಯನ್ನು ಕಟ್ಟಿ ನಿಲ್ಲಿಸಲೇಬೇಕಿತ್ತು.

ಆವತಿಯವರು ಬಂದಾಗ ಈ ನೆಲ ಬರಿದಾಗಿರಲಿಲ್ಲ. ತಲಕಾಡಿನ ಗಂಗರು ತಮ್ಮನ್ನು ನಂದಗಿರಿನಾಥರೆಂದು ಕರೆದುಕೊಂಡರು. ಆ ನಂದಗಿರಿ ಇಂದಿನ ನಂದಿ ಬೆಟ್ಟ. ಬೆಟ್ಟದ ಬುಡದ ಭೋಗನಂದೀಶ್ವರ ದೇಗುಲ 9ನೆಯ ಶತಮಾನದಷ್ಟು ಹಳೆಯದು. 11ನೆಯ ಶತಮಾನದ ಮೊದಲಲ್ಲಿ ಚೋಳರು ಗಂಗರನ್ನು ಸೋಲಿಸಿ ಈ ಭಾಗವನ್ನು ಆಳಿದರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಹೊರದೂಡಿದ. ಹೊಯ್ಸಳ ರಾಜ್ಯ ಇಬ್ಭಾಗವಾದ ಮೇಲೆ ಒಂದು ಭಾಗವನ್ನಾಳಿದ ರಾಮನಾಥನು ನೆಲೆಸಿದ್ದ ಕುಂದಾಣ ದೇವನಹಳ್ಳಿ ತಾಲೂಕಿನ ಕುಂದಾಣವೇ ಎಂದು ಶಾಸನತಜ್ಞ ಬಿ. ಎಲ್. ರೈಸ್ ಗುರುತಿಸಿದರು. ಅದು ಇಂದಿನ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕುಂದಾಣಿ ಎನ್ನುವ ವಾದವೂ ಇದೆ. ಗಂಗವಾರದ ಸೋಮೇಶ್ವರ ದೇಗುಲದಂಥ ಹಳೆಯ ಗುಡಿಗಳು ಈ ಹಿಂದಿನ ಬದುಕಿಗೆ ಸಾಕ್ಷಿ. ಕುರುಬರು, ಬೇಡರು, ಹೊಲೆಯರು, ಮಾದಿಗರು ತಲೆತಲಾಂತರದಿಂದ ಇಲ್ಲಿ ಬದುಕಿದ್ದರು. ಆದ್ದರಿಂದ ಆವತಿಯ ಕಥೆಯನ್ನು ಕಾಡು ಕಡಿದು ಮೊದಲ ಬಾರಿಗೆ ಊರು ಮಾಡಿದವರ ಕಥೆಯೆಂದು ಹೇಳುವುದು ಸರಿಯಲ್ಲ. ಹಳೆಯ ಆಳ್ವಿಕೆಗಳು ಮುಗಿದು ವಿಜಯನಗರದ ಹಿಡಿತ ಇನ್ನೂ ಬಿಗಿಯಾಗದ ಹೊತ್ತಿನಲ್ಲಿ, ಪಾಳುಬಿದ್ದ ಕೆರೆ ಹೊಲಗಳ ನಡುವೆ, ಹೊಸ ಒಕ್ಕಲು ಬೇರೂರಿದ ಕಥೆ ಇದು.

ವಲಸೆಯ ಐತಿಹ್ಯ

ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ ಐತಿಹ್ಯ ಹೀಗಿದೆ. 15ನೆಯ ಶತಮಾನದ ಆರಂಭದಲ್ಲಿ ಮೂಡಣ ದಿಕ್ಕಿನಿಂದ ಬಂಡಿಗಳಲ್ಲಿ ಹೆಂಡಿರು ಮಕ್ಕಳ ಸಮೇತ ಬಂದ ಮೊರಸು ಒಕ್ಕಲಿಗರ ಗುಂಪೊಂದು ನಂದಿ ಬೆಟ್ಟದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿತು. ಏಳು ಮಂದಿ ಮುಖಂಡರು, ಹಿರಿಯ ಬೈರೇಗೌಡ. ಅವನನ್ನೇ ಜನ ರಣಬೈರೇಗೌಡ ಎನ್ನುತ್ತಾರೆ. ಇಲ್ಲಿಯೇ ನಿಲ್ಲು ಎಂದು ಅವನಿಗೆ ಕನಸಿನಲ್ಲಿ ಅಪ್ಪಣೆಯಾಯಿತು. ಆಗ ಕಟ್ಟಿದ ಊರೇ ಆವತಿ.

ಬಂಡಿ ಹೂಡಿದ್ದೇಕೆ ಎಂಬುದಕ್ಕೆ ಜನಪದ ಇನ್ನೊಂದು ಉತ್ತರ ಕೊಡುತ್ತದೆ. ಕಂಚಿಯ ಕಡೆಯ ಪಾಳೆಯಗಾರನೊಬ್ಬ ಈ ಮನೆತನದ ಹೆಣ್ಣುಮಗಳು ದೊಡ್ಡಮ್ಮನನ್ನು ಬಲವಂತದಿಂದ ಮದುವೆಯಾಗಲು ಹೊರಟ. ಎದುರಿಸುವ ಶಕ್ತಿ ಇಲ್ಲ, ಒಪ್ಪುವ ಮನಸ್ಸಿಲ್ಲ. ಹೀಗಾಗಿ ಏಳು ಕುಟುಂಬಗಳೂ ರಾತ್ರೋರಾತ್ರಿ ಊರು ಬಿಟ್ಟವು. ತುಂಬಿ ಹರಿಯುತ್ತಿದ್ದ ಪಾಲಾರ್ ಹೊಳೆ ದೈವದ ಕೃಪೆಯಿಂದ ದಾರಿ ಬಿಟ್ಟಿತು. ಹೆಣ್ಣು ಕೊಡಲೊಲ್ಲದೆ ಊರು ಬಿಟ್ಟ, ಹೊಳೆ ದಾರಿ ಕೊಟ್ಟ ಇಂಥ ಕಥೆಗಳು ದಕ್ಷಿಣದ ಹಲವು ಒಕ್ಕಲು ಕುಲಗಳಲ್ಲಿವೆ. ಪ್ರತಿ ವಿವರವನ್ನೂ ಚರಿತ್ರೆಯೆಂದು ಒಪ್ಪಬೇಕಿಲ್ಲ. ಒಬ್ಬ ಹೆಣ್ಣುಮಗಳ ಮಾನಕ್ಕಾಗಿ ಹೊಲಮನೆ ಬಿಟ್ಟು ಬಂದೆವು ಎಂದು ಒಂದು ಮನೆತನ ತನ್ನ ಹುಟ್ಟನ್ನು ನೆನೆದುಕೊಂಡಿದೆ ಎಂಬುದು ಮಾತ್ರ ಗಮನಿಸಬೇಕಾದ ಸಂಗತಿ.

ಕಾಲದ ಲೆಕ್ಕದಲ್ಲಿಯೂ ತೊಡಕಿದೆ. ರಣಬೈರೇಗೌಡನ ಮಗ ಮಲ್ಲಬೈರೇಗೌಡ ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಕಟ್ಟಿಸಿದ ಎನ್ನುತ್ತಾರೆ. ತಂದೆ 15ನೆಯ ಶತಮಾನದ ಆರಂಭದಲ್ಲಿ ಬಂದವನಾದರೆ ತಂದೆ ಮಗನ ನಡುವೆ ನೂರು ವರ್ಷದ ಅಂತರ ಬೀಳುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವ ಮನೆತನದಲ್ಲಿ ಬೈರ, ಸಣ್ಣಬೈರ, ಮಲ್ಲಬೈರ ಎಂಬ ಹೆಸರುಗಳು ಮತ್ತೆ ಮತ್ತೆ ಬಂದಿರಬೇಕು. ಹಲವು ತಲೆಮಾರುಗಳ ಕೆಲಸ ಒಬ್ಬನ ಹೆಸರಿಗೆ ಸೇರಿರಬೇಕು. ಮೊರಸುನಾಡು ಎಂಬ ಪ್ರದೇಶದ ಹೆಸರು ಆವತಿಯ ಕಾಲಕ್ಕಿಂತ ಹಳೆಯ ಶಾಸನಗಳಲ್ಲಿಯೂ ಇದೆ. ಅಂದರೆ ಮೊರಸು ಒಕ್ಕಲಿಗರೆಲ್ಲರೂ ಕಂಚಿಯಿಂದ ಬಂಡಿಯಲ್ಲಿ ಬಂದವರಲ್ಲ. ಬಂದವು ಕೆಲವು ಕುಟುಂಬಗಳು; ಇಲ್ಲಿದ್ದ ಒಕ್ಕಲಿನೊಡನೆ ಅವು ಬೆರೆತವು. ಕನ್ನಡ, ತೆಲುಗು ಎರಡನ್ನೂ ಮನೆಮಾತಾಗಿ ಉಳ್ಳವರು ಈ ಸಮುದಾಯದಲ್ಲಿರುವುದು ಈ ಬೆರಕೆಗೆ ಹೊಂದುವ ಮಾತೇ.

ಕವಲೊಡೆದ ನೆಲೆಗಳು

ಮುಂದಿನ ತಲೆಮಾರುಗಳು ಆವತಿಯಲ್ಲಿ ಒಟ್ಟಿಗೇ ಉಳಿಯಲಿಲ್ಲ. ಮಲ್ಲಬೈರೇಗೌಡ ಕೋಡಿ ಮಂಚೇನಹಳ್ಳಿಯ ಕಾಡಿಗೆ ಬೇಟೆಗೆ ಹೋದಾಗ ಮೊಲವೊಂದು ಬೇಟೆನಾಯಿಗಳ ಎದುರು ತಿರುಗಿ ನಿಂತಿತು. ಇದು ಗಂಡುಭೂಮಿಯೆಂದು ತಿಳಿದು ವಿಜಯನಗರದ ಅರಸನ ಅನುಮತಿ ಪಡೆದು ಚಿಕ್ಕಬಳ್ಳಾಪುರ ಕಟ್ಟಿದ ಎಂದು ಕಥೆ. ದೇವನದೊಡ್ಡಿ ಎಂದಿದ್ದ ದನದ ದೊಡ್ಡಿಯ ಜಾಗದಲ್ಲಿ ಮಣ್ಣಿನ ಕೋಟೆ ಎದ್ದು ದೇವನಹಳ್ಳಿಯಾಯಿತು. ಯಲಹಂಕದಲ್ಲಿ ಜಯಗೌಡನ ವಂಶ ಬೆಳೆಯಿತು. ಸುಗಟೂರಿನ ತಮ್ಮೇಗೌಡ 1595ರಲ್ಲಿ ಹೊಸಕೋಟೆಯ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದ. ಇಂದಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ತಾಲೂಕುಗಳ ಮುಖ್ಯ ಪಟ್ಟಣಗಳೆಲ್ಲ ಸುಮಾರು ಒಂದೂವರೆ ಶತಮಾನದೊಳಗೆ ಎದ್ದವು.

ಈ ಗೌಡರು ವಿಜಯನಗರದ ಅರಸರಿಗೆ ಕಪ್ಪ ಕೊಟ್ಟು, ಯುದ್ಧದ ಹೊತ್ತಿಗೆ ಕಾಲಾಳುಗಳನ್ನು ಕಳಿಸಿ, ಉಳಿದಂತೆ ತಮ್ಮ ಸೀಮೆಯನ್ನು ತಾವೇ ಆಳುತ್ತಿದ್ದರು. ವಿಜಯನಗರ ಸೋತ 1565ರ ಯುದ್ಧದ ನಂತರ ಮೇಲಿನ ಹಿಡಿತ ಇನ್ನೂ ಸಡಿಲವಾಯಿತು. ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದದ್ದೂ ನಿಜ, ಬೀಗತನ ಬೆಳೆಸುತ್ತಿದ್ದದ್ದೂ ನಿಜ.

ಕೆರೆ ಮತ್ತು ಹೊಲ

ಊರು ಕಟ್ಟುವುದೆಂದರೆ ಈ ಸೀಮೆಯಲ್ಲಿ ಮೊದಲು ಕೆರೆ ಕಟ್ಟುವುದು. ಎರಡು ದಿಬ್ಬಗಳ ನಡುವೆ ಮಣ್ಣಿನ ಏರಿ ಹಾಕಿ, ನೀರಿನ ಕಡೆಗೆ ಕಲ್ಲು ಕಟ್ಟಿ, ಕಲ್ಲಿನ ತೂಬು ಇಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಡುತ್ತಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಒಂದು ಹಳ್ಳದ ಉದ್ದಕ್ಕೂ ಕೆರೆಗಳ ಸಾಲು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿ ದುರಸ್ತಿ ಮಾಡಿದವನಿಗೆ ಅಚ್ಚುಕಟ್ಟಿನಲ್ಲಿ ಗದ್ದೆಯನ್ನು ಕೊಡಿಗೆಯಾಗಿ ಬಿಟ್ಟ ಶಾಸನಗಳು ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಬೇಕಾದಷ್ಟಿವೆ. ಈ ಭಾಗದ ಶಾಸನಗಳನ್ನು ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಊರಬಾಗಿಲ ಕಲ್ಲು, ಗದ್ದೆ ಬದುವಿನ ಕಲ್ಲು ಎಂದು ಜನ ದಾಟಿ ಹೋಗುತ್ತಿದ್ದ ಬರಹಗಳಲ್ಲಿ ಯಾವ ಗೌಡ, ಯಾವ ಕೆರೆ, ಎಷ್ಟು ಗದ್ದೆ ಎಂಬ ವಿವರ ಉಳಿದಿದೆ.

ನೀರು ಬಿಡುವ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ನಿರ್ಧರಿಸುವವನು ಅವನು. ಬರ ಬಂದ ವರ್ಷ ಅಚ್ಚುಕಟ್ಟಿನ ಯಾವ ಭಾಗ ಬಿತ್ತಬೇಕು, ಯಾವುದನ್ನು ಬೀಳು ಬಿಡಬೇಕು ಎಂಬುದನ್ನು ಊರ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ತೀರ್ಮಾನವನ್ನು ಗದ್ದೆಗೆ ಇಳಿಸುವವನು ನೀರುಗಂಟಿ. ಅವನಿಗೆ ಸ್ವಂತ ಗದ್ದೆ ಇಲ್ಲದಿದ್ದರೆ ಪಕ್ಷಪಾತಕ್ಕೆ ಎಡೆಯಿಲ್ಲ ಎಂಬ ನಂಬಿಕೆ ಹಲವು ಊರುಗಳಲ್ಲಿತ್ತು.

ಕೆರೆಯ ಕೆಳಗೆ ಭತ್ತ, ಕಬ್ಬು. ಮೇಲಿನ ಹೊಲದಲ್ಲಿ ರಾಗಿಯೇ ಜೀವ. ಕೂರಿಗೆಯಲ್ಲಿ ರಾಗಿ ಬಿತ್ತಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಒಂದು ಮಳೆ ಕೈಕೊಟ್ಟರೂ ಒಂದಾದರೂ ಬೆಳೆ ಕೈಗೆ ಬರಲಿ ಎಂಬ ಲೆಕ್ಕ ಅದರಲ್ಲಿದೆ. ದೇವನಹಳ್ಳಿಯ ಚಕ್ಕೋತ ಹಣ್ಣು ಹೆಸರಾಗಿದ್ದೂ ಇಲ್ಲಿನ ತೋಟಗಳಿಂದ. ಅದಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಆಯಗಾರರು ಮತ್ತು ಕಣದ ಲೆಕ್ಕ

ಕರ್ನಲ್ ಮಾರ್ಕ್ ವಿಲ್ಕ್ಸ್ ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದಾಗ ಇಲ್ಲಿನ ಪ್ರತಿ ಹಳ್ಳಿಯನ್ನೂ ಒಂದು ಪುಟ್ಟ ಗಣರಾಜ್ಯದಂತೆ ಕಂಡು, ಅದರ ಹನ್ನೆರಡು ಆಯಗಾರರನ್ನು ಹೆಸರಿಸಿದ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ: ಊರಿನಿಂದ ಊರಿಗೆ ಪಟ್ಟಿ ಸ್ವಲ್ಪ ಬದಲಾಗುತ್ತಿತ್ತು. ಗೌಡ ಊರಿನ ಯಜಮಾನ; ಕಂದಾಯ ವಸೂಲಿ, ವ್ಯಾಜ್ಯ ತೀರ್ಮಾನ ಅವನದು. ಶಾನುಭೋಗ ಲೆಕ್ಕ ಬರೆಯುವವನು. ತಳವಾರ ಕಾವಲು. ತೋಟಿ ಪೈರು ಕಾಯುವವನು, ಊರ ಸುದ್ದಿ ಮುಟ್ಟಿಸುವವನು.

ಇವರಿಗೆ ಸಂಬಳ ಕೊಡುತ್ತಿದ್ದದ್ದು ಅರಮನೆಯಲ್ಲ, ಹೊಲ. ಇದು ಸ್ಪಷ್ಟವಾಗಿ ಕಾಣುತ್ತಿದ್ದ ಜಾಗ ಕಣ. ರಾಗಿ ಕೊಯ್ದು ಬಣವೆ ಒಟ್ಟಿ, ಸುಗ್ಗಿಯಲ್ಲಿ ನೆಲ ಕೆತ್ತಿ ಸಗಣಿ ಬಳಿದು ಕಣ ಮಾಡುತ್ತಿದ್ದರು. ತೆನೆ ಹರಡಿ ಎತ್ತುಗಳಿಗೆ ರೋಣಗಲ್ಲು ಕಟ್ಟಿ ಉರುಳಿಸುತ್ತಿದ್ದರು. ಗಾಳಿಗೆ ತೂರಿ, ಜೊಳ್ಳು ಬೇರೆ ಮಾಡಿ, ಕಾಳನ್ನು ರಾಶಿ ಹಾಕಿ, ಸಗಣಿಯ ಬೆನಕನಿಟ್ಟು ಪೂಜೆ ಮಾಡುತ್ತಿದ್ದರು. ಆಮೇಲೆ ಕೊಳಗದಲ್ಲಿ ಅಳೆಯಲು ತೊಡಗುತ್ತಿದ್ದರು. ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವುದು ರೂಢಿ. ರಾಶಿ ಮನೆ ಸೇರುವ ಮುನ್ನ ಕಣದಲ್ಲೇ ಆಯ ಹಂಚಿಕೆ. ದೇವರಿಗೆ, ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ, ತೋಟಿಗೆ ಎಂದು ಮೊರಗಟ್ಟಲೆ ಕಾಳು ಹೋಗುತ್ತಿತ್ತು. ದಾಸಯ್ಯನಿಗೆ, ಜಂಗಮನಿಗೆ, ಕಣಕ್ಕೆ ಬಂದ ಬಡವನಿಗೂ ಪಾಲಿತ್ತು. ಉಳಿದದ್ದರಲ್ಲಿ ದೊರೆಯ ಪಾಲು, ಒಕ್ಕಲಿನ ಪಾಲು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತಿನ ಈ ಹಂಚಿಕೆಯನ್ನು ಬಾಬು ಬಾಬಾಗಿ ಬರೆದುಕೊಂಡ.

ಊರು ತನ್ನ ಕೆಲಸಗಾರರನ್ನು ತಾನೇ ಸಾಕಿಕೊಂಡಿದ್ದರಿಂದಲೇ ಮೇಲೆ ದೊರೆ ಬದಲಾದರೂ ಊರು ಕುಸಿಯಲಿಲ್ಲ. ವಿಜಯನಗರ ಹೋಯಿತು, ಬಿಜಾಪುರ ಬಂತು, ಮೊಗಲರು ಬಂದರು, ಮರಾಠರು ದೋಚಿದರು, ಮೈಸೂರು ಗೆದ್ದಿತು. ಪ್ರತಿ ಬಾರಿಯೂ ಹೊಸಬ ಮೊದಲು ಕರೆಸುತ್ತಿದ್ದದ್ದು ಅದೇ ಗೌಡನನ್ನು, ಅದೇ ಶಾನುಭೋಗನನ್ನು.

ಆದರೆ ಈ ಊರಾಡಳಿತವನ್ನು ಬರಿದೇ ಹೊಗಳುವುದು ತಪ್ಪಾಗುತ್ತದೆ. ಇದಕ್ಕೆ ಹೊಲೆಯರ ಪೈಕಿ ಊರ ಚಾಕರಿಗೆ ನಿಂತ ಕುಳವಾಡಿಯ ಬದುಕೊಂದೇ ಸಾಕ್ಷಿ ಸಾಕು. ಎರಡು ಊರುಗಳ ನಡುವೆ ಎಲ್ಲೆಯ ವ್ಯಾಜ್ಯ ಬಂದಾಗ, ಊರ ಮಣ್ಣನ್ನು ತಲೆಯ ಮೇಲೆ ಹೊತ್ತು ಕುಳವಾಡಿ ನಡೆದ ದಾರಿಯೇ ಎಲ್ಲೆ ಎಂದು ಒಪ್ಪುತ್ತಿದ್ದರು. ಸುಳ್ಳು ಹೆಜ್ಜೆ ಇಟ್ಟರೆ ಅವನಿಗೇ ಕೇಡು ಎಂಬ ನಂಬಿಕೆ. ಹೊಲೆಯರೇ ಈ ನೆಲದ ಮೊದಲಿಗರೆಂಬುದರ ನೆನಪು ಈ ಪದ್ಧತಿಯಲ್ಲಿದೆ ಎಂದು 19ನೆಯ ಶತಮಾನದಲ್ಲಿ ಮೈಸೂರಿನಲ್ಲಿದ್ದ ಮೆಕೆಂಜಿ ಎಂಬ ಅಧಿಕಾರಿ ಬರೆದ. ಊರಿನ ಎಲ್ಲೆ ತೋರಿಸುವ ಆ ಮನುಷ್ಯನ ಮನೆ ಮಾತ್ರ ಊರ ಹೊರಗಿನ ಹೊಲಗೇರಿಯಲ್ಲಿ. ಊರಬಾವಿಯ ನೀರು ಅವನಿಗಿರಲಿಲ್ಲ, ಗುಡಿಯ ಒಳಗೆ ಕಾಲಿಡುವಂತಿರಲಿಲ್ಲ. ಊರ ಕಟ್ಟೆಯ ಪಂಚಾಯಿತಿಯಲ್ಲಿ ಹೆಂಗಸರಿಗೂ ಸ್ಥಾನವಿರಲಿಲ್ಲ. ದೊಡ್ಡಮ್ಮನ ಹೆಸರಿನಿಂದ ಕಥೆ ಶುರುಮಾಡಿದ ಮನೆತನದ ವಂಶಾವಳಿಯಲ್ಲಿ ಆಕೆಯ ನಂತರ ಹೆಣ್ಣಿನ ಹೆಸರು ಹುಡುಕುವುದು ಕಷ್ಟ.

ಅಮೆರಿಕದ ವಸಾಹತುಗಳ ಜೊತೆ ಹೋಲಿಸಿದರೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. 1619ರಲ್ಲಿ ವರ್ಜೀನಿಯದ ನೆಲೆಗಳಿಂದ ಆರಿಸಿ ಬಂದವರು ಜೇಮ್ಸ್‌ಟೌನಿನಲ್ಲಿ ಸಭೆ ಸೇರಿದರು. 1620ರ ನವೆಂಬರ್‌ನಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರ ಪೈಕಿ 41 ಗಂಡಸರು, ನಮ್ಮ ಆಡಳಿತಕ್ಕೆ ನಾವೇ ಬದ್ಧರಾಗುತ್ತೇವೆ ಎಂಬ ಒಪ್ಪಂದಕ್ಕೆ ರುಜು ಹಾಕಿದರು. ಕಾಗದಕ್ಕೆ ಹಾಕಿದ ಆ ರುಜು ಮುಂದೆ ಹಕ್ಕು ಕೇಳುವವರಿಗೆ ಆಧಾರವಾಯಿತು. ಆವತಿಯವರ ಕಟ್ಟಳೆ ಎಲ್ಲಿಯೂ ಒಂದು ಕಡೆ ಬರೆದಿಟ್ಟದ್ದಲ್ಲ. ಶಾನುಭೋಗನ ಕಡತ, ಕೆರೆ ಕೊಡಿಗೆಯ ಕಲ್ಲು, ಕಣದ ಪಾಲು, ಹಿರಿಯರ ಮಾತು ಇವುಗಳಲ್ಲಿ ಹರಡಿತ್ತು. ಹಾಗಾಗಿ ಅದು ದೊರೆಗಳ ಬದಲಾವಣೆಯನ್ನು ತಾಳಿಕೊಂಡಿತು, ಆದರೆ ಒಳಗಿನ ಅನ್ಯಾಯವನ್ನು ಪ್ರಶ್ನಿಸುವವನಿಗೆ ಹಿಡಿದು ತೋರಿಸಲು ಒಂದು ಹಾಳೆಯನ್ನೂ ಕೊಡಲಿಲ್ಲ. ಅಲ್ಲಿಯೂ ನೆಲದ ಮೂಲಜನರಿಗೆ, 1619ರಲ್ಲೇ ವರ್ಜೀನಿಯಕ್ಕೆ ತಂದಿಳಿಸಿದ ಆಫ್ರಿಕದ ಜನರಿಗೆ ಆ ರುಜುಗಳ ಫಲ ಸಿಗಲಿಲ್ಲ ಎಂಬುದನ್ನು ಮರೆಯಬಾರದು.

ಪೇಟೆ, ಸಂತೆ, ಜಾತ್ರೆ

ಕೋಟೆಯ ಪಕ್ಕದಲ್ಲಿ ಪೇಟೆ ಇರುವುದು ಈ ಸೀಮೆಯ ಪಟ್ಟಣಗಳ ಮಾದರಿ. ಗೌಡ ಕೋಟೆ ಕಟ್ಟಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಣಜಿಗರು, ನಗರ್ತರು, ದೇವಾಂಗರು ಮೊದಲಾದವರನ್ನು ಕರೆಸಿ ಕೇರಿ ಹಾಕಿಕೊಡುವುದು. ಬೆಂಗಳೂರಿನ ಪೇಟೆಯಲ್ಲಿ ಕೆಂಪೇಗೌಡ ಮಾಡಿದ್ದೂ ಇದನ್ನೇ. ನೇಕಾರರಿಲ್ಲದೆ ಬಟ್ಟೆಯಿಲ್ಲ, ಸೆಟ್ಟಿಯಿಲ್ಲದೆ ಸಂತೆಗೆ ಕಳೆಯಿಲ್ಲ, ಸಂತೆಯಿಲ್ಲದೆ ಗೌಡನಿಗೆ ಸುಂಕವಿಲ್ಲ.

ದೊಡ್ಡಬಳ್ಳಾಪುರ ನೇಯ್ಗೆಯ ಊರಾಗಿ ಬೆಳೆದು ಇಂದಿಗೂ ಹಾಗೆಯೇ ಉಳಿದಿದೆ. ಹಿಂದೆ ವಡಿಗೇನಹಳ್ಳಿ ಎಂದಿದ್ದ ದೇವನಹಳ್ಳಿ ತಾಲೂಕಿನ ವಿಜಯಪುರ ನಗರ್ತ ವರ್ತಕರ ನೆಲೆ. ಮುಂದೆ ರೇಷ್ಮೆಗೂಡಿನ ಮಾರುಕಟ್ಟೆಯಾಯಿತು. ಚಿಕ್ಕಬಳ್ಳಾಪುರದ ಬಿಳಿ ಸಕ್ಕರೆ ಮತ್ತು ಕಲ್ಲುಸಕ್ಕರೆ ಬುಕಾನನ್ ಬಂದ ಹೊತ್ತಿಗೆ ಹೆಸರು ಮಾಡಿದ್ದವು. ಪೇಟೆಯ ವರ್ತಕ, ಕಸುಬುದಾರ ಜಾತಿಗಳು ಬಲಗೈಯ ಹದಿನೆಂಟು ಫಣ, ಎಡಗೈಯ ಒಂಬತ್ತು ಫಣ ಎಂದು ಎರಡು ಪಂಗಡವಾಗಿ ನಿಂತು, ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬಂಥ ವಿಷಯಕ್ಕೆ ಬಡಿದಾಡುತ್ತಿದ್ದದ್ದೂ ಉಂಟು. ಪ್ರತಿ ಪಂಗಡಕ್ಕೂ ಅದರದೇ ಯಜಮಾನ, ಅದರದೇ ಕಟ್ಟುಪಾಡು.

ಒಕ್ಕಲಿನವನ ಮಟ್ಟಿಗೆ ದೊಡ್ಡ ವ್ಯಾಪಾರವೆಂದರೆ ಎತ್ತಿನದು. ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್–ಜನವರಿಯ ಹೊತ್ತಿಗೆ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಯ ಜೋಡಿಗಳು ಇವತ್ತಿಗೂ ಕೈ ಬದಲಾಗುತ್ತವೆ. ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ರೀತಿ ಹಳೆಯದೇ.

ದೈವ, ಗುಡಿ, ಬೆರಳ ಹರಕೆ

ಮನೆತನದ ಹೆಸರಿನಲ್ಲಿಯೇ ದೇವರಿದ್ದಾನೆ. ಬೈರೇಗೌಡ ಎಂದರೆ ಭೈರವನ ಒಕ್ಕಲು. ಮೊರಸು ಒಕ್ಕಲಿಗರ ಮುಖ್ಯ ಭೈರವ ಕ್ಷೇತ್ರ ಕೋಲಾರ ತಾಲೂಕಿನ ಸೀತಿ ಬೆಟ್ಟ. ಆವತಿಯ ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿ ಗುಡಿ ಇದೆ. ಶೈವವೋ ವೈಷ್ಣವವೋ ಎಂದು ಕೇಳಿದರೆ ಈ ಜನಕ್ಕೆ ಎರಡೂ ಸಲ್ಲುತ್ತಿತ್ತು: ಬೈರನ ಹೆಸರಿಟ್ಟುಕೊಂಡವನು ತಿಮ್ಮಪ್ಪನಿಗೆ ಹರಕೆ ಹೊರುತ್ತಿದ್ದ, ಊರ ಎಲ್ಲೆಯಲ್ಲಿ ಮಾರಮ್ಮನಿಗೆ ಕೋಣ ಕೊಡುತ್ತಿದ್ದ. ದೇವನಹಳ್ಳಿ ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ದೇಗುಲದ ಹೊರಗೋಡೆಯಲ್ಲಿ ರಾಮಾಯಣದ ಕಥೆ, ಕೃಷ್ಣನ ಬಾಲಲೀಲೆ ಸಾಲಾಗಿ ಕೆತ್ತಿವೆ. ವರ್ತಕರು ನಗರೇಶ್ವರನನ್ನು, ದೇವಾಂಗರು ಚೌಡೇಶ್ವರಿಯನ್ನು ನಂಬಿದರು. ತಮಿಳು ಸೀಮೆಯ ಕಡೆಯಿಂದ ಬಂದ ತೋಟಗಾರ ತಿಗಳರು ತಂದ ಕರಗ ದೇವನಹಳ್ಳಿಯಲ್ಲಿಯೂ ನಡೆಯುತ್ತದೆ.

ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿದ್ದ ಬೆರಳು ಕೊಡುವ ಪದ್ಧತಿಯನ್ನು ಬಿಟ್ಟು ಈ ಜನರ ಧರ್ಮದ ಚಿತ್ರ ಪೂರ್ಣವಾಗದು. ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುನ್ನ ತಾಯಿಯ ಕೈಯ ಕೊನೆಯ ಎರಡು ಬೆರಳುಗಳ ಗೆಣ್ಣನ್ನು ಕಮ್ಮಾರ ಉಳಿಯಿಂದ ಕತ್ತರಿಸುತ್ತಿದ್ದ. ಇದಕ್ಕೆ ಬಂಡಿ ದೇವರ ಪೂಜೆ ಎಂದು ಹೆಸರು. ಇದರ ಹಿಂದೆ ಒಂದು ಕಥೆಯಿದೆ: ಭಸ್ಮಾಸುರನಿಂದ ಓಡುತ್ತಿದ್ದ ಶಿವ ಅವಿತ ಜಾಗವನ್ನು ಒಕ್ಕಲಿಗನೊಬ್ಬ ಬೆರಳಿನಿಂದ ತೋರಿಸಿದ. ಆ ಬೆರಳನ್ನೇ ಕೊಡಬೇಕೆಂದು ಶಿವ ಕೇಳಿದಾಗ ಹೆಂಡತಿ ಅಡ್ಡ ಬಂದು, ಗಂಡನ ಬೆರಳು ಹೋದರೆ ಹೊಲ ಉಳುವವರಾರು, ನನ್ನ ಎರಡು ಬೆರಳು ತೆಗೆದುಕೋ ಎಂದಳಂತೆ. ದುಡಿಮೆ ನಿಲ್ಲಬಾರದೆಂದು ಹೆಣ್ಣಿನ ಕೈಯನ್ನು ಕೊಯ್ದ ಈ ಪದ್ಧತಿ ಕ್ರೂರವಾದದ್ದು; ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕೆಂಪೇಗೌಡ ಇದನ್ನು ನಿಷೇಧಿಸಿದನೆಂದು ಜನ ಅಭಿಮಾನದಿಂದ ನೆನೆಯುತ್ತಾರೆ. ಆದರೂ ವಿಲ್ಕ್ಸ್ ಬರೆಯುವ ಕಾಲಕ್ಕೆ ಅದು ಇನ್ನೂ ಉಳಿದಿತ್ತು. ಬ್ರಿಟಿಷರ ಕಾಲದಲ್ಲಿ ತಡೆಯಾದ ಮೇಲೆ ಚಿನ್ನದ ಅಥವಾ ಬೆಳ್ಳಿಯ ತೊಡವನ್ನು ಬೆರಳಿಗೆ ಹಾಕಿ, ಬೆರಳ ಬದಲು ಅದನ್ನು ಎಳೆದು ತೆಗೆಯುವ ಶಾಸ್ತ್ರವಾಗಿ ಬದಲಾಯಿತು.

ಸ್ವಂತ ಆಳ್ವಿಕೆಯ ಕೊನೆ

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದ. ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು, ಬೆಂಗಳೂರು ಸೀಮೆ ಬಿಜಾಪುರದ ಸರದಾರ ಶಹಾಜಿಯ ಜಹಗೀರಿಗೆ ಸೇರಿತು. ದೊಡ್ಡಬಳ್ಳಾಪುರವೂ ಗೌಡರ ಕೈತಪ್ಪಿತು. ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದವರು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಸೆಣಸಿದರು.

1749ರಲ್ಲಿ ಮೈಸೂರಿನ ದಳವಾಯಿ ಮನೆತನದ ನಂಜರಾಜಯ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದ. ಅಣ್ಣ ಶಹಬಾಜನ ದಂಡಿನ ಜೊತೆ ಬಂದಿದ್ದ ಹೈದರಾಲಿ ಆ ಮುತ್ತಿಗೆಯಲ್ಲಿ ತೋರಿದ ಕೆಚ್ಚು ನಂಜರಾಜಯ್ಯನ ಕಣ್ಣಿಗೆ ಬಿತ್ತು. 50 ಕುದುರೆ, 200 ಕಾಲಾಳುಗಳ ಮುಖಂಡತನ ಸಿಕ್ಕಿತು. ಮರುವರ್ಷ, 1750ರ ನವೆಂಬರ್‌ನಲ್ಲಿ, ಹೈದರನ ಮಗ ಟಿಪ್ಪು ಇದೇ ಊರಿನಲ್ಲಿ ಹುಟ್ಟಿದ. ಮಣ್ಣಿನ ಕೋಟೆಯನ್ನು ಹೈದರ್ ಕಲ್ಲಿನಲ್ಲಿ ಕಟ್ಟಿಸತೊಡಗಿದ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಹಿಡಿದಾಗ ಆ ಕೆಲಸ ಇನ್ನೂ ಮುಗಿದಿರಲಿಲ್ಲ. ಸುಮಾರು 20 ಎಕರೆ ಹರವಿನ, ಅರ್ಧವೃತ್ತದ 12 ಕೊತ್ತಳಗಳಿರುವ ಆ ಕೋಟೆಯೊಳಗೆ ಇಂದಿಗೂ ಜನ ಮನೆ ಮಾಡಿಕೊಂಡಿದ್ದಾರೆ. ಚಿಕ್ಕಬಳ್ಳಾಪುರವನ್ನು ಹೈದರ್ 1762ರಲ್ಲಿ ಗೆದ್ದ. ಅಲ್ಲಿಗೆ ಆವತಿ ಮನೆತನದ ಆಳ್ವಿಕೆ ಮುಗಿಯಿತು.

ಪ್ರಭುಗಳು ಹೋದರೂ ಊರ ಗೌಡ, ಶಾನುಭೋಗ, ನೀರುಗಂಟಿ, ತೋಟಿಗಳು ಉಳಿದರು. ಅವರ ವಂಶಪಾರಂಪರ್ಯ ಹಕ್ಕು ಕೊನೆಯಾದದ್ದು ಸ್ವತಂತ್ರ ಭಾರತದಲ್ಲಿ, 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ. ಅದು 1963ರಲ್ಲಿ ಜಾರಿಗೆ ಬಂತು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ಆಗಲೇಬೇಕಾಗಿದ್ದ ಒಳ್ಳೆಯ ಕೆಲಸ. ಆದರೆ ನೀರುಗಂಟಿಯ ಹುದ್ದೆಯೊಡನೆ ಕೆರೆ ನೋಡಿಕೊಳ್ಳುವ ಹೊಣೆಯೂ ಊರಿನ ಕೈಯಿಂದ ಜಾರಿತು. ಕೊಳವೆಬಾವಿಗಳು ಬಂದ ಮೇಲೆ ರಾಜಕಾಲುವೆ, ತೂಬುಗಳನ್ನು ಕೇಳುವವರಿಲ್ಲವಾದರು. ತೋಟಿ ಇನಾಮು, ನೀರುಗಂಟಿ ಇನಾಮು ಎಂಬ ಹೆಸರು ಈಗ ಪಹಣಿಯಲ್ಲಿ, ಜಮೀನಿನ ವ್ಯಾಜ್ಯಗಳಲ್ಲಿ ಮಾತ್ರ ಕೇಳಿಬರುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಕೊಳವೆಗಳಲ್ಲಿ ತಂದು ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳನ್ನು ತುಂಬಿಸುವ ಕಾಲ ಬಂದಿದೆ. ಊರಿನ ತೀರ್ಮಾನ ಈಗ ಚುನಾಯಿತ ಗ್ರಾಮ ಪಂಚಾಯಿತಿಯದು. 1993ರ ಕಾಯಿದೆಯ ನಂತರ ಅಲ್ಲಿ ಹೆಂಗಸರು, ದಲಿತರು ಹಕ್ಕಿನಿಂದ ಕೂರುತ್ತಾರೆ. ಹಳೆಯ ಕಟ್ಟೆ ಎಂದೂ ಕೊಡದಿದ್ದ ಸ್ಥಾನ ಅದು.

2008ರ ಮೇ 24ರಂದು ಈ ತಾಲೂಕಿನ ನೆಲದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಮುಂದೆ ಅದಕ್ಕೆ ಕೆಂಪೇಗೌಡನ ಹೆಸರಿಟ್ಟರು. ಅಲ್ಲಿಂದೀಚೆಗೆ ರಾಗಿ ಹೊಲಗಳು ಬಡಾವಣೆಗಳಾಗುವ ವೇಗ ಹೆಚ್ಚಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಮುಂದಾದಾಗ ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ರಾಜ್ಯ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.